ಮೊರದ ಮರೆಯ ಕವಡೆ

"ಗುರುಗಳೇ, ನಿಯಮ ಮಾಡಿದವನೇ ದಯೆಯಿಂದ ಒಂದು ಸಲ ಅದನ್ನು ಮುರಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ. ಕಿರಿಯರ ಪರೀಕ್ಷೆ ನಡೆಸುವ ಹೊಣೆ ಮರುದಿನ ಅವನದಾಗಿತ್ತು. ಆ ಕಿರಿಯರಲ್ಲೊಬ್ಬ ಅವನಿಗೆ ತೀರ ಬೇಕಾದವನು.

"ಓಹೋ, ದಯೆ!" ಎಂದರು ಗುರುಗಳು. "ಕೂತುಕೋ. ದಯೆ ತೋರಿಸಲು ಹೋಗಿ ಕೈ ಸುಟ್ಟುಕೊಂಡವನೊಬ್ಬನ ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಕತೆಯಾಟ ನಡೆಸುವವನೊಬ್ಬನಿದ್ದ. ಜನ ಅವನನ್ನು ಆಟದೊಡೆಯ ಎನ್ನುತ್ತಿದ್ದರು. ಅವನು ಬಟ್ಟೆಯ ಮೇಲೆ ಮಸಿಯಿಂದ ಕಾಡು, ಹೊಳೆ, ಕೋಟೆಗಳನ್ನು ಬರೆದು ಎಲ್ಲೂ ಇಲ್ಲದ ನಾಡೊಂದನ್ನು ಕಟ್ಟುವನು. ಆಡುವವರು ಸುತ್ತ ಕೂತು ಒಬ್ಬೊಬ್ಬರೂ ಒಬ್ಬೊಬ್ಬ ವೀರರಾಗುವರು. ವೀರನ ಗುರುತಿಗೆ ಒಂದು ಮಣ್ಣಿನ ಬೊಂಬೆ. ಏನು ಮಾಡುತ್ತೇನೆಂದು ಆಡುವವನು ಹೇಳಬೇಕು. ಆಗುತ್ತದೋ ಇಲ್ಲವೋ ಎಂದು ಕವಡೆ ಹೇಳಬೇಕು. ಆ ಕವಡೆಯನ್ನು ಆಟದೊಡೆಯನೇ ಹಾಕುವನು, ನಿಲ್ಲಿಸಿದ ಮೊರದ ಮರೆಯಲ್ಲಿ. ಅಲ್ಲಿ ಯಾರೂ ಇಣುಕುವಂತಿಲ್ಲ, ಅವನು ಹೇಳಿದ್ದನ್ನು ನಂಬಬೇಕು. ವೀರ ಸತ್ತರೆ ಬೊಂಬೆಯನ್ನು ನೀರಿನಲ್ಲಿ ಕರಗಿಸಬೇಕು, ಆ ಹೆಸರು ಮತ್ತೆ ಆಟಕ್ಕೆ ಬರುವಂತಿಲ್ಲ. ಈ ನಿಯಮಗಳೆಲ್ಲ ಅವನು ಮಾಡಿದವೇ.

ಆಡಲು ಬರುವವರಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಮಹಾ ಪುಕ್ಕಲ. ಗಿರಾಕಿ ಗದರಿದರೆ ಇವನೇ ಕೈಮುಗಿಯುವನು. ಮನೆಯಲ್ಲಿ ತಮ್ಮಂದಿರೆದುರು ಉಸಿರೆತ್ತುವವನಲ್ಲ. ಆಟದಲ್ಲಿ ಮಾತ್ರ ಅವನು ರಣಧವಳನೆಂಬ ವೀರ. ರಣಧವಳ ಉಕ್ಕುವ ಹೊಳೆ ಈಜಿದ್ದ, ರಾಕ್ಷಸಿಯ ಕೋಟೆ ಹತ್ತಿ ಇಳಿದಿದ್ದ. ಬರಬರುತ್ತ ವ್ಯಾಪಾರಿ ಅಂಗಡಿಯಲ್ಲೂ ತಲೆಯೆತ್ತಿ ಮಾತಾಡತೊಡಗಿದ. "ನಾನೂ ಒಬ್ಬ ಮನುಷ್ಯನೇ ಎಂದು ಈಗೀಗ ಅನ್ನಿಸುತ್ತಿದೆ ಸ್ವಾಮಿ" ಎಂದು ಅವನು ಒಮ್ಮೆ ಹೇಳಿದಾಗ ಆಟದೊಡೆಯನ ಕಣ್ಣು ತುಂಬಿತ್ತು.

ಒಂದು ದಿನ ಆಟದಲ್ಲಿ ವೀರರೆಲ್ಲ ಒಂದು ಗವಿ ಹೊಕ್ಕರು. ಹಿಂದಿನಿಂದ ಹೆಡೆಯೆತ್ತಿ ಬಂತು ಕಾರ್ಕೋಟಕ ವಿಷದ ಹಾವು. ಮುಂದೆ ಒಬ್ಬೊಬ್ಬರಾಗಿ ಮಾತ್ರ ತೂರಬಲ್ಲ ಸಂದಿ. ಯಾರಾದರೊಬ್ಬರು ಹಾವನ್ನು ತಡೆದು ನಿಲ್ಲದೆ ಉಳಿದವರಿಗೆ ದಾರಿಯಿಲ್ಲ. "ಐದು ಕವಡೆಯೂ ಅಂಗಾತ ಬಿದ್ದರೆ ಹಾವು ಕಚ್ಚಿತು, ಕಚ್ಚಿದರೆ ಸಾವು" ಎಂದು ಆಟದೊಡೆಯ ಸಾರಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವ್ಯಾಪಾರಿ ತನ್ನ ಬೊಂಬೆಯನ್ನು ಹಾವಿನ ಎದುರಿಗೆ ಸರಿಸಿದ. "ನೀವೆಲ್ಲ ಹೋಗಿ. ರಣಧವಳ ನಿಲ್ಲುತ್ತಾನೆ" ಎಂದ.

ಆಟದೊಡೆಯ ಮೊರದ ಹಿಂದೆ ಕವಡೆ ಹಾಕಿದ. ಐದೂ ಅಂಗಾತ.

ಅವನು ಕವಡೆಗಳಿಂದ ಕಣ್ಣೆತ್ತಿ ವ್ಯಾಪಾರಿಯನ್ನು ನೋಡಿದ. ರಣಧವಳ ಸತ್ತರೆ ಈ ಪಾಪದವನ ಗತಿಯೇನು? ನಾಳೆಯಿಂದ ಮತ್ತೆ ಅದೇ ಕೈಮುಗಿಯುವ ಬಾಳು ತಾನೇ? ಹಾವು ನನ್ನದು, ಗವಿ ನನ್ನದು, ನಿಯಮವೂ ನನ್ನದೇ, ಕೇಳುವವರು ಯಾರು? ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ತಪ್ಪಿತು! ಹೆಡೆ ಬಂಡೆಗೆ ಬಡಿಯಿತು!" ಎಂದುಬಿಟ್ಟ.

ಹೋ ಎಂದು ಎಲ್ಲರೂ ಕೂಗಿದರು. ವ್ಯಾಪಾರಿಗೆ ಮೈಮೇಲೆ ಎಚ್ಚರವಿಲ್ಲ. ಅಳುತ್ತ ನಗುತ್ತ ಎದ್ದು ಆಟದೊಡೆಯನನ್ನು ಅಪ್ಪಿಕೊಳ್ಳಲು ನುಗ್ಗಿದ. ಕಾಲು ತಾಗಿ ಮೊರ ಮಗುಚಿತು. ಐದು ಕವಡೆಯೂ ಅಂಗಾತ ಬಿದ್ದಿದ್ದವು.

ವ್ಯಾಪಾರಿ ಬಗ್ಗಿ ಕವಡೆಗಳನ್ನು ಒಂದೊಂದಾಗಿ ನೋಡಿದ.

"ಕಚ್ಚಿತ್ತು" ಎಂದ.

"ನಿಮ್ಮ ಮೇಲಿನ ಪ್ರೀತಿಗೆ ಹಾಗೆ ಹೇಳಿದೆ" ಎಂದ ಆಟದೊಡೆಯ.

"ಹೊಳೆ ಈಜಿದಾಗ? ಕೋಟೆ ಹತ್ತಿದಾಗ? ಅದೂ ನಿಮ್ಮ ಪ್ರೀತಿಯೇ?"

"ಅಯ್ಯೋ, ಇಲ್ಲ! ಆಣೆ ಮಾಡಿ ಹೇಳುತ್ತೇನೆ, ಅವೆಲ್ಲ ನೀವೇ ಗೆದ್ದದ್ದು."

"ಹಾವು ಕಚ್ಚಲಿಲ್ಲ ಎಂದದ್ದೂ ಇದೇ ಬಾಯಿ ತಾನೇ ಸ್ವಾಮಿ?"

ಆಟದೊಡೆಯ ಹೇಳಿದ್ದು ನಿಜ. ಹೊಳೆಯೂ ಕೋಟೆಯೂ ವ್ಯಾಪಾರಿ ನ್ಯಾಯವಾಗಿ ಗೆದ್ದವೇ. ಆದರೆ ಅದನ್ನು ನಂಬಿಸಲು ಅವನ ಬಳಿ ಏನು ಉಳಿದಿತ್ತು, ಮಣ್ಣಂಗಟ್ಟಿ? ವ್ಯಾಪಾರಿ ಬೊಂಬೆಯನ್ನು ಕರಗಿಸಲಿಲ್ಲ, ಜೊತೆಗೆ ಒಯ್ಯಲೂ ಇಲ್ಲ. ನೆಲದ ಮೇಲೆಯೇ ಬಿಟ್ಟು ಹೊರಟ. ಮರುದಿನ ಗಿರಾಕಿಯೊಬ್ಬ ಗದರಿದ. ವ್ಯಾಪಾರಿ ತಲೆ ತಗ್ಗಿಸಿ ಕೈಮುಗಿದ. ಆಟದೊಡೆಯ ಬೀದಿಯ ಆಚೆ ನಿಂತು ಅದನ್ನು ನೋಡಿದ. ಹೋಗಿ ಮಾತಾಡಿಸಲು ಅವನಿಗೆ ಮುಖವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆ ವ್ಯಾಪಾರಿಯದು ಅವಿವೇಕ ಗುರುಗಳೇ. ಯಾರೋ ಒಂದು ಸಲ ದಯೆ ತೋರಿದರೆಂದು ತನ್ನ ಹಳೆಯ ಗೆಲುವನ್ನೆಲ್ಲ ಅನುಮಾನಿಸುವುದೇ? ನಾನಾಗಿದ್ದರೆ ಅದನ್ನು ಮನಸ್ಸಿಗೇ ಹಚ್ಚಿಕೊಳ್ಳುತ್ತಿರಲಿಲ್ಲ."

ಗುರುಗಳು ಮೇಲುಹೊದಿಕೆ ಸರಿಪಡಿಸಿಕೊಂಡು ಎದ್ದರು.

"ಹೋದ ವರ್ಷ ಪಂಡಿತರ ಸಭೆಯಲ್ಲಿ ವಾದ ಗೆದ್ದವನು ನೀನೇ ಎಂದು ತೀರ್ಪು ಕೊಟ್ಟದ್ದು ನಾನೇ ಅಲ್ಲವೇನಪ್ಪಾ?"