ಬಿಸಿಲಿಗಿಟ್ಟ ಕಂಪ್ಯೂಟರ್

"ಪ್ರೀತಿಯಿಂದ ಮಾಡಿದ ಕೆಲಸವೂ ಒಬ್ಬರ ಕರುಳು ಸುಡುವುದುಂಟೇ, ಗುರುಗಳೇ?" ಎಂದು ಚನ್ನವೀರನೆಂಬ ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸಂಗ್ರಾಹಕನಿದ್ದ. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಅವನಿಗೆ ಹಳೆಯ ಕಂಪ್ಯೂಟರುಗಳ ಹುಚ್ಚು. ಈಗಿನವಲ್ಲ, ಹಿಂದೆ ಮನೆಯ ಟಿವಿಗೆ ಸಿಕ್ಕಿಸಿಕೊಂಡು ಮಕ್ಕಳು ಆಡುತ್ತಿದ್ದ, ಮೈಮೇಲೇ ಅಕ್ಷರದ ಗುಂಡಿಗಳಿದ್ದ ಚಿಕ್ಕ ಚಿಕ್ಕವು. ಗುಜರಿಗೆ ಹೋಗಬೇಕಾದದ್ದನ್ನು ತಂದು, ಒರೆಸಿ, ಕೆಟ್ಟದ್ದನ್ನು ಸರಿಮಾಡಿ, ಕೂಸಿನಂತೆ ಕಾಪಾಡುತ್ತಿದ್ದ.

ಒಂದು ದಿನ ಒಬ್ಬ ತಾಯಿ ಸೆರಗಿನಲ್ಲಿ ಸುತ್ತಿಕೊಂಡು ಅಂಥದೊಂದನ್ನು ತಂದಳು. "ತೀರಿಹೋದ ನನ್ನ ಮಗನದಪ್ಪಾ. ನಮ್ಮ ಮನೆಯಲ್ಲಿ ಇಲಿಗಳ ಕಾಟ. ನಿನ್ನ ಹತ್ತಿರ ಇರಲಿ. ಆಗಾಗ ಬಂದು ಮುಟ್ಟಿ ಹೋಗುತ್ತೇನೆ, ಅಷ್ಟಾದರೆ ಸಾಕು."

"ಇಲ್ಲಿ ಇಲಿ ಹಾಗಿರಲಿ, ಇರುವೆಯೂ ಸುಳಿಯುವುದಿಲ್ಲ. ನಿಶ್ಚಿಂತೆಯಿಂದ ಹೋಗಿಬನ್ನಿ ಅಮ್ಮಾ" ಎಂದ ಅವನು.

ಅವಳು ಹೋದ ಮೇಲೆ ತಿರುಗಿಸಿ ನೋಡಿದ. ಹಳತಾಗಿ ಮೈಯೆಲ್ಲ ಹಳದಿ. ಗುಂಡಿಗಳು ಸವೆದು, ನಡುವೆ ಗುಳಿಬಿದ್ದು, ಅಕ್ಷರವೇ ಅಳಿಸಿಹೋಗಿತ್ತು. ಅವನ ಮನಸ್ಸು ಮರುಗಿತು. ಪಾಪ, ಆ ತಾಯಿ ಬರುವಷ್ಟರಲ್ಲಿ ಹೊಸದರ ಹಾಗೆ ಮಾಡಿಡಬೇಕು ಅಂದುಕೊಂಡ. ಇಂಥ ಸಂಗ್ರಾಹಕರ ಪದ್ಧತಿಯಂತೆ ಮದ್ದು ಸವರಿ ಬಿಸಿಲಿಗಿಟ್ಟ. ಹಳದಿ ಹೋಗಿ ಮಲ್ಲಿಗೆಯಂತೆ ಬೆಳ್ಳಗಾಯಿತು. ಯಾರು ಕೇಳಿದರೂ ಕೊಡದೆ ಜೋಪಾನ ಮಾಡಿಟ್ಟಿದ್ದ ಹೊಸ ಗುಂಡಿಗಳನ್ನು ತೆಗೆದು ಅದಕ್ಕೆ ಕೂರಿಸಿದ. ಹಳೆಯವನ್ನು ಕಸಕ್ಕೆ ಹಾಕಿದ. ಅವಳ ದಾರಿ ಕಾದ.

ಅವಳು ಬಂದಳು. ಸಾಲಾಗಿಟ್ಟಿದ್ದವನ್ನೆಲ್ಲ ನೋಡಿ, "ನಮ್ಮದು ಎಲ್ಲಿದೆಯಪ್ಪಾ?" ಎಂದಳು.

"ಕಣ್ಣೆದುರಿಗೇ ಇದೆಯಲ್ಲ ಅಮ್ಮಾ! ಗುರುತು ಹತ್ತಲಿಲ್ಲ ಅಲ್ಲವೇ? ಮದುವಣಿಗನ ಹಾಗೆ ಮಾಡಿದ್ದೇನೆ" ಎಂದು ನಕ್ಕ.

ಅವಳು ಗುಂಡಿಗಳ ಮೇಲೆ ಬೆರಳಿಟ್ಟು ತಡವಿದಳು. ಇನ್ನೊಮ್ಮೆ ತಡವಿದಳು. "ಇಲ್ಲಿ ಗುಳಿ ಇತ್ತಲ್ಲಪ್ಪಾ. ಅದರಲ್ಲಿ ಬೆರಳಿಟ್ಟರೆ ಅವನ ಬೆರಳು ಸಿಕ್ಕ ಹಾಗಾಗುತ್ತಿತ್ತು."

ಅವನು ಕಸದ ತೊಟ್ಟಿಗೆ ಓಡಿದ; ಅದು ಎಂದೋ ಬರಿದಾಗಿತ್ತು. ಬರಿಗೈಯಲ್ಲಿ ಬರುವಾಗ ಅವಳು ಬಾಗಿಲಲ್ಲೇ ಸಿಕ್ಕಳು. "ಬೇಜಾರು ಮಾಡಿಕೊಳ್ಳಬೇಡ, ನೀನು ಒಳ್ಳೆಯದಕ್ಕೇ ಮಾಡಿದೆ" ಎಂದು ಅವನ ತಲೆ ಸವರಿ ಹೋದಳು. ಮತ್ತೆ ಬರಲಿಲ್ಲ.

"ಹಾಗಾದರೆ ಅವನಲ್ಲಿ ಪ್ರೀತಿ ಇರಲಿಲ್ಲ ಎನ್ನುತ್ತೀರಾ?" ಎಂದ ಶಿಷ್ಯ.

"ಇತ್ತು, ಮಗು. ಆದರೆ ಹಳೆಯದನ್ನು ತೆಗೆಯಲೇ ಎಂದು ಅವಳನ್ನು ಒಂದು ಮಾತು ಕೇಳುವಷ್ಟು ಇರಲಿಲ್ಲ."