ಬನ್ನಿ ಸರ್, ಊಟ ಮಾಡೋಣ

ಗುರು ಸಾರ್ಜೆಂಟ್, ಶಿಷ್ಯ ಲೆಫ್ಟಿನೆಂಟ್. ಸೈನ್ಯದ ನಿಯಮದ ಪುಸ್ತಕದ ಪ್ರಕಾರ ಇದು ತಲೆಕೆಳಗು. ಆದರೆ ಬಟಾನ್ ಕಾಡಿನಲ್ಲಿ ಆ ಪುಸ್ತಕದ ಹಾಳೆಗಳನ್ನು ಒಲೆ ಹೊತ್ತಿಸಲು ಹರಿದಾಗಿತ್ತು.

ಅದು ಸಾವಿರದ ಒಂಬೈನೂರ ನಲವತ್ತೆರಡರ ಮಾರ್ಚ್. ಫಿಲಿಪೀನ್ಸಿನ ಆ ಮೂಲೆಯಲ್ಲಿ ಎದುರಿಗೆ ಜಪಾನಿನ ಸೈನ್ಯ, ಬೆನ್ನಿಗೆ ಸಮುದ್ರ. ನಡುವೆ ಫಿಲಿಪಿನೋ ಮತ್ತು ಅಮೆರಿಕನ್ ಸೈನಿಕರು. ಪಡಿ ಅರ್ಧಕ್ಕಿಳಿದು, ಆಮೇಲೆ ಅದರಲ್ಲೂ ಅರ್ಧವಾಗಿತ್ತು.

ಲೆಫ್ಟಿನೆಂಟ್ ಹಾರ್ಲನ್‌ಗೆ ಇಪ್ಪತ್ತಮೂರು ವರ್ಷ. ಅಮೆರಿಕದ ನೆಬ್ರಾಸ್ಕಾದ ಗೋಧಿ ಹೊಲದಿಂದ ಬಂದವನು. ದಿನಾ ಗುಡ್ಡ ಹತ್ತಿ ಸಮುದ್ರ ನೋಡುವುದು ಅವನ ಕೆಲಸ. ಆ ಕೆಲಸವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಸಹಾಯಕ್ಕೆ ಹಡಗು ಹೊರಟಿವೆ ಎಂದು ರೇಡಿಯೋ ಹೇಳಿತ್ತು. ಹಡಗು ಬಂದರೆ ಅಕ್ಕಿ ಬರುತ್ತದೆ. ಬಂದ ಹಡಗು ಎಂದಾದರೂ ಮನೆ ಕಡೆ ತಿರುಗಲೇಬೇಕು.

ಇಳಿದು ಬರುವಾಗ, ಹೊಳೆ ಕೊಲ್ಲಿಗೆ ಸೇರುವ ಕಡೆ, ಸಾರ್ಜೆಂಟ್ ಎವಾರಿಸ್ಟೊ ತಟ್ಟೆಯ ಮುಂದೆ ಕೂತಿರುತ್ತಿದ್ದರು. ಐವತ್ತು ದಾಟಿದವರು. ಫಿಲಿಪಿನೋ ಹುಡುಗರೆಲ್ಲ ಅವರನ್ನು ‘ಮಾಂಗ್’ ಎನ್ನುತ್ತಿದ್ದರು. ಅಲ್ಲಿ ಹಿರಿಯರನ್ನು ಕರೆಯುವುದು ಹಾಗೆ.

“ಬನ್ನಿ ಸರ್, ಊಟ ಮಾಡೋಣ.”

ಹಾರ್ಲನ್ ಕೂತು ಊಟ ಮಾಡುತ್ತಿದ್ದ.

ಹನ್ನೆರಡು ದಿನ ಹೀಗೇ ನಡೆಯಿತು. ಹದಿಮೂರನೆಯ ದಿನ ಅಡಿಗೆಯ ಫಿಲಿಪಿನೋ ಕಾರ್ಪೊರಲ್‌ಗೆ ತಡೆಯಲಾಗಲಿಲ್ಲ.

“ಸರ್, ಆ ಮುದುಕರನ್ನ ಜಪಾನಿಯರಿಗೂ ಸ್ವಲ್ಪ ಉಳಿಸ್ತೀರೋ, ನೀವೇ ಮುಗಿಸ್ತೀರೋ?”

“ನಾನೇನು ಮಾಡಿದೆ?”

“ನಿಮ್ಮ ಪಾಲು ಉಂಡು ಅವರ ತಟ್ಟೆಗೂ ಕೂರ್ತೀರಲ್ಲ! ಉಣ್ಣುವಾಗ ಯಾರು ಹಾದುಹೋದರೂ ಕರೆಯೋದು ನಮ್ಮ ಪದ್ಧತಿ. ಈಗಷ್ಟೇ ಆಯ್ತು ಅಂತ ಹೇಳಿ ಮುಂದೆ ಹೋಗೋದೂ ಪದ್ಧತಿ.”

ನಮ್ಮ ಕನ್ನಡದ ಕಡೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೆಬ್ರಾಸ್ಕಾದಲ್ಲಿ ಮಾತ್ರ ಕರೆದರೆ ಕರೆದ ಹಾಗೆ.

ಹಾರ್ಲನ್ ಕೆಂಪಾದ ಕಿವಿ ಹೊತ್ತು ಹೊಳೆಗೆ ಓಡಿದ.

“ಮೊದಲೇ ಹೇಳಬಾರದಿತ್ತೆ, ಸಾರ್ಜೆಂಟ್?”

“ಏನಂತ ಹೇಳಲಿ? ಬಂದು ಕೂತವರಿಗೆ ಏಳಿ ಅಂತಲೇ?”

“ನಿಮಗೆ ಹಸಿವಾಗಲಿಲ್ಲವೆ?”

“ಆಯ್ತು ಸರ್. ಅದು ಬೇರೆ ವಿಷಯ.”

ಹಾರ್ಲನ್ ಕೊಲ್ಲಿಯ ಕಡೆ ತಿರುಗಿದ. ಅನ್ನದ ಅನುಮಾನ ತೀರಿತ್ತು. ಅದರ ಹಿಂದೆಯೇ ಇನ್ನೊಂದು ಎದ್ದಿತ್ತು.

“ಹಡಗು ಬರ್ತವೆ ಅಂತ ರೇಡಿಯೋ ಹೇಳ್ತದಲ್ಲ. ಅದೂ ಹೀಗೇನಾ? ಬಾಯಿಮಾತಿಗೆ?”

ಸಾರ್ಜೆಂಟ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಲ್ಲಿಯ ಆಚೆ ದಡಕ್ಕೆ ಮುಖ ಮಾಡಿದರು. ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವ ದನಿಯಲ್ಲಿ ಹೇಳಿದರು:

“ರೋಸೆಂಡಾ, ಬಾರೇ, ಊಟ ಮಾಡೋಣ.”

ಆಚೆ ದಡದಲ್ಲಿ ಕವೀಟೆ. ಅಲ್ಲಿ ಅವರ ಮನೆ, ಮನೆಯಲ್ಲಿ ಹೆಂಡತಿ. ಊರಿಗೆ ಜಪಾನಿಯರು ಬಂದು ಎರಡು ತಿಂಗಳ ಮೇಲಾಗಿತ್ತು.

“ಅವರಿಗೆ ಕೇಳಿಸ್ತದೆಯೆ?”

“ಇಲ್ಲ.”

“ಮತ್ತೆ ಯಾಕೆ ಕರೀತೀರಿ?”

“ಕರೆಯದೆ ಉಂಡರೆ ಒಬ್ಬನೇ ಉಂಡ ಹಾಗಾಗ್ತದೆ, ಸರ್.”

ಮರುದಿನದಿಂದ ಹಾರ್ಲನ್ “ಈಗಷ್ಟೇ ಆಯ್ತು” ಎಂದು ಮುಂದೆ ಹೋಗುತ್ತಿದ್ದ. ಅಷ್ಟು ಶಿಸ್ತಿನ ಸುಳ್ಳನ್ನು ಆ ತುಕಡಿ ಕಂಡಿರಲಿಲ್ಲ. ಗುಡ್ಡ ಹತ್ತುವುದನ್ನು ಮಾತ್ರ ಅವನು ಬಿಡಲಿಲ್ಲ.

ಏಪ್ರಿಲಿನ ಒಂದು ಬೆಳಗ್ಗೆ ಶರಣಾಗಬೇಕೆಂದು ಆಜ್ಞೆ ಬಂತು. ಬಿಳಿ ಬಟ್ಟೆ ಎತ್ತಿ ಹಿಡಿಯಿರಿ ಎಂದರು. ತುಕಡಿಯಲ್ಲಿ ಬಿಳಿಯಾಗಿ ಉಳಿದಿದ್ದು ಏನೂ ಇರಲಿಲ್ಲ. ಹಾರ್ಲನ್‌ನ ಒಂದು ಬನಿಯನ್ನನ್ನು ಬಿಳಿ ಎಂದು ಎಲ್ಲರೂ ಸೇರಿ ಒಪ್ಪಿಕೊಂಡರು.

ಅಂದು ಅವನು ಗುಡ್ಡ ಹತ್ತಲಿಲ್ಲ. ಕೊನೆಯ ಹಿಡಿ ಅನ್ನ ಮುಂದಿಟ್ಟುಕೊಂಡು ಹೊಳೆಯ ದಡದಲ್ಲಿ ಕೂತಿದ್ದ. ಸಾರ್ಜೆಂಟ್ ಹಾದುಹೋದರು.

“ಬನ್ನಿ ಮಾಂಗ್ ಎವಾರಿಸ್ಟೊ, ಊಟ ಮಾಡೋಣ.”

“ಈಗಷ್ಟೇ ಆಯ್ತು, ಸರ್,” ಎನ್ನುತ್ತಲೇ ಅವರು ಕೂತರು.

ಇಬ್ಬರೂ ಒಂದೊಂದು ತುತ್ತು ಉಂಡರು. ಆಮೇಲೆ ಹಾರ್ಲನ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಲ್ಲಿಯ ಕಡೆ ತಿರುಗಿದ. ಅವನ ಊರೂ ಅದೇ ದಿಕ್ಕಿಗೆ. ಕವೀಟೆ ದಾಟಿ ಏಳು ಸಾವಿರ ಮೈಲಿಯ ಆಚೆ. ಹಡಗಿಲ್ಲದ ನೀರು ನೋಡಲು ಚೆನ್ನಾಗಿಯೇ ಇತ್ತು.

“ಅಮ್ಮಾ,” ಎಂದ. ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ. “ಬಾ, ಊಟ ಮಾಡೋಣ.”

ಸಾರ್ಜೆಂಟ್ ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರು.

“ಸ್ವಲ್ಪ ಗಟ್ಟಿಯಾಗಿ ಕರೀರಿ, ಸರ್. ನಿಮ್ಮೂರು ದೂರ.”