ತನ್ನೂರನ್ನು ಬೈಯುತ್ತಿದ್ದ ಮಾಳಿಂಗ

ಹೇಳಿದವರು ಹೇಳಿದ್ದು, ಕೇಳಿದವರು ಕೂಡಿಸಿದ್ದು; ಸುಳ್ಳೆಷ್ಟು ಬೆರೆತಿದೆಯೋ ಆ ಶಿವನೇ ಬಲ್ಲ. ಒಂದಾನೊಂದು ಊರಿನಲ್ಲಿ ಮಾಳಿಂಗ ಅಂತ ಒಬ್ಬ ಕಂಬಳಿ ನೇಯುವವನಿದ್ದನಂತೆ. ಕೈ ಬಂಗಾರ, ಬಾಯಿ ಮಾತ್ರ ಬೇವು. ಬೆಳಗಾದರೆ ಸಾಕು, ಊರನ್ನು ಬೈಯಲು ಶುರು. ನೀರು ಸವಳು ಅನ್ನುತ್ತಿದ್ದ, ರೊಟ್ಟಿ ಕಲ್ಲು ಅನ್ನುತ್ತಿದ್ದ, ಮಂದಿಯ ಮಾತು ಬಂದರಂತೂ ಹಲ್ಲು ಕಡಿಯುತ್ತಿದ್ದ.

ಮಂದಿಯ ಮೇಲೆ ಅಷ್ಟು ಸಿಟ್ಟು ಯಾಕಪ್ಪಾ ಅಂದರೆ, ಆ ಸೀಮೆಯಲ್ಲಿ ಒಂದು ರೂಢಿ. ಹೊರಟವನನ್ನು ಯಾರಾದರೂ "ಎಲ್ಲಿಗೆ?" ಅಂತ ಕೇಳಿಬಿಟ್ಟರೆ ಹೋದ ಕೆಲಸ ಕೆಡುತ್ತದೆ. ಮನೆಗೆ ಮರಳಿ, ಕೂತು, ಒಂದು ತಂಬಿಗೆ ನೀರು ಕುಡಿದು ಮತ್ತೆ ಹೊರಡಬೇಕು. ಊರಬಾಗಿಲ ಕಟ್ಟೆಯ ಮೇಲೆ ಸಂಗವ್ವ ಅನ್ನುವ ಮುದುಕಿ ದಿನವೂ ಕೂತಿರುತ್ತಿದ್ದಳು. ಕೇಳಬಾರದು ಅಂತ ಅವಳಿಗೂ ಗೊತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ!

ಒಂದು ದಿನ ಮಾಳಿಂಗ ಕಂಬಳಿ ಹೊತ್ತು ಸಂತೆಗೆ ಹೊರಟ.

"ಎಲ್ಲಿಗೆ ಹೊಂಟೀಯೋ ಮಾಳಿಂಗಾ?"

"ಹಾಳಾಗಿ ಹೋಗಾಕ ಹೊಂಟೀನಿ ಆಯೀ!"

"ಅಷ್ಟ ಏನು? ಉಂಡು ಹೋಗಪಾ."

ಒಂದು ಸಲ ಮರಳಿದ, ಎರಡು ಸಲ ಮರಳಿದ, ಮೂರು ಸಲ ಮರಳಿದ. ಹೊಟ್ಟೆಯಲ್ಲಿ ಮೂರು ತಂಬಿಗೆ ಸವಳು ನೀರು ಗುಳುಗುಳು. ಅಷ್ಟರಲ್ಲಿ ಸಂತೆಯೇ ಕರಗಿತ್ತು. "ಈ ಊರಿನ ಸಹವಾಸ ಸಾಕು" ಅಂದವನೇ ಹಿಂದಿನ ಹೊಲದ ದಾರಿ ಹಿಡಿದು, ಏಳು ಗುಡ್ಡ ಹತ್ತಿ, ಏಳು ಹೊಳೆ ದಾಟಿ ಪರದೇಶಕ್ಕೆ ಹೋದನಂತೆ.

ಆ ದೇಶದ ದೊರೆಗೆ ಅಪಶಕುನ ಅಂದರೆ ಕೈಕಾಲು ನಡುಕ. ಅದಕ್ಕೇ ತನ್ನೊಬ್ಬನನ್ನು ಬಿಟ್ಟು ಯಾರೂ ಯಾರನ್ನೂ ಏನೂ ಕೇಳಕೂಡದು ಅಂತ ಡಂಗುರ ಹೊಡೆಸಿದ್ದ. ಮಾಳಿಂಗನಿಗೆ ಸ್ವರ್ಗಕ್ಕೆ ಮೂರೇ ಗೇಣು! ನೀರು ಸಿಹಿ, ಅನ್ನ ಮೆತ್ತಗೆ, ಅರಮನೆಯಲ್ಲೇ ಮಗ್ಗ. ಸಂಜೆಯಾದರೆ ದೊರೆ ಕರೆಸಿ, "ನಿನ್ನ ಊರನ್ನು ಬೈಯಿ, ಕೇಳೋಣ" ಅನ್ನುತ್ತಿದ್ದ. ಇವನು ಬೈದದ್ದೇ ಬೈದದ್ದು. ರೊಟ್ಟಿಯನ್ನು ಬೈಯುವಾಗ ಜೊತೆಗಿನ ಶೇಂಗಾ ಚಟ್ನಿ, ಹಸಿ ಈರುಳ್ಳಿ, ಗಟ್ಟಿ ಮೊಸರು ಎಲ್ಲವನ್ನೂ ಬಿಡದೆ ಹೇಳುತ್ತಿದ್ದ. ಬೈಯುತ್ತಾ ಬೈಯುತ್ತಾ ಬಾಯಲ್ಲಿ ನೀರು ಬರುತ್ತಿತ್ತು, ಪುಣ್ಯಾತ್ಮನಿಗೆ ಅದೇ ತಿಳಿಯುತ್ತಿರಲಿಲ್ಲ.

ಒಮ್ಮೆ ಮೂರು ದಿನ ಜ್ವರ ಬಂದು ಮಲಗಿದ. ಹೇಗಿದ್ದೀ ಅಂತ ಒಬ್ಬರೂ ಕೇಳಲಿಲ್ಲ. ನಾಲ್ಕನೆಯ ದಿನ ಎದ್ದು ಕೂತು, "ಉಂಡ್ಯೇನೋ ಮಾಳಿಂಗಾ?" ಅಂತ ತನ್ನನ್ನೇ ಕೇಳಿಕೊಂಡನಂತೆ. "ಇಲ್ಲ ಆಯೀ" ಅಂತ ತಾನೇ ಅಂದು, ತಾನೇ ಅತ್ತನಂತೆ. ಊರ ನೆನಪೇನೋ ಅಂತ ದೊರೆ ಅಂದರೆ ಮಾತ್ರ, "ಛೀ, ಕಣ್ಣಾಗ ಕಂಬಳಿ ಎಳಿ ಬಿತ್ತು" ಅನ್ನುವವನೇ.

ಹೀಗಿರಲು ಒಂದು ದಿನ ದೊರೆ ಅಂದ: "ಮಾಳಿಂಗಾ, ನಾಳೆ ಐದು ಸಾವಿರ ಮಂದಿಯ ದಂಡು ನಿನ್ನ ಸೀಮೆಗೆ ಹೊರಡುತ್ತದೆ. ಗೆದ್ದು ನಿನಗೇ ಕೊಡುತ್ತೇನೆ. ಆ ಸವಳು ಬಾವಿ ಮುಚ್ಚಿಸು. ಆ ಮುದುಕಿಯ ನಾಲಿಗೆ ಕೊಯ್ಯಿಸು."

ಮಾಳಿಂಗ ಕೂತಲ್ಲಿಂದ ಎದ್ದುಬಿಟ್ಟ. ಬೈದವನು ತಾನೇ, ನಿಜ. ಆದರೆ ಅದೇ ಮಾತು ಇನ್ನೊಬ್ಬನ ಬಾಯಲ್ಲಿ ಬಂದಾಗ ಮೈಯೆಲ್ಲ ಉರಿಯಿತು. ಸಂಗವ್ವಾಯಿಯ ನಾಲಿಗೆ ಕೊಯ್ಯಬೇಕಂತೆ! ದೊರೆಯ ಮೀಸೆ ಕಿತ್ತುಬಿಡಲೇ ಅನ್ನಿಸಿತು. ಆ ಊರೆಂದರೆ ತನ್ನ ಜೀವ ಅಂತ ಅವನಿಗೆ ಗೊತ್ತಾದದ್ದು ಆಗ. ಗೊತ್ತಾಗುವ ಹೊತ್ತಿಗೆ ಊರೇ ಹೋಗುವ ಹೊತ್ತಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕತ್ತಿ ಹಿಡಿಯಲು ಬಾರದು; ಇದ್ದದ್ದು ಒಂದು ಬಾಯಿ. ಅದನ್ನೇ ತೆರೆದ.

"ಹೋಗ್ರಿ ದೊರೀ. ಆದ್ರ ನಮ್ಮೂರು ಎಷ್ಟು ಕೆಟ್ಟದ್ದು ಅಂತ ನಾ ಇನ್ನೂ ಅರ್ಧಾನೂ ಹೇಳಿಲ್ಲ."

"ಇನ್ನೇನಿದೆ?"

"ದಂಡು ಊರಬಾಗಿಲ ಮುಟ್ಟಿತು ಅನ್ರಿ. ಸಂಗವ್ವ ಕೇಳ್ತಾಳ: 'ಇಷ್ಟು ಮಂದಿ ಎಲ್ಲಿಗೆ ಹೊಂಟೀರೆಪಾ?'"

ದೊರೆ ಎರಡೂ ಕಿವಿ ಮುಚ್ಚಿಕೊಂಡ.

"ಐದು ಸಾವಿರ ಮಂದಿ ಹಿಂದಕ್ಕ ತಮ್ಮ ಬಿಡಾರಕ್ಕ ಬಂದು, ಕೂತು, ಒಂದೊಂದು ತಂಬಿಗಿ ನೀರು ಕುಡೀಬೇಕು. ಅಲ್ಲಿ ನೀರು ಸವಳು. ಕುಡದಷ್ಟೂ ನೀರಡಿಕಿ. ಎದ್ದು ಹೊಂಟ್ರ ಆಕಿ ಮತ್ತ ಕೇಳ್ತಾಳ."

"ಮೊದಲು ಅವಳ ನಾಲಿಗೆಯನ್ನೇ ಕೊಯ್ದರೆ?"

"ಕೊಯ್ಯಾಕ ಆಕಿ ಮುಂದ ಹೋಗಬೇಕಲ್ರಿ. ಹೋದವನನ್ನ ಕೇಳೂದಿಲ್ಲೇನು?"

"ಬೇರೆ ದಾರಿ ಇಲ್ಲವೇ?"

"ಏಳು ಅದಾವ್ರಿ. ಏಳರಾಗೂ ಒಬ್ಬೊಬ್ಬ ಮುದುಕಿ."

ತಾನು ತಪ್ಪಿಸಿಕೊಂಡು ಬಂದ ಹೊಲದ ದಾರಿಯ ಸುದ್ದಿ ಮಾತ್ರ ಎತ್ತಲಿಲ್ಲ ನೋಡಿ, ಕಳ್ಳ!

ದೊರೆ ಬೆವರು ಒರೆಸಿಕೊಂಡು ದಂಡನ್ನು ಮನೆಗೆ ಕಳಿಸಿದ. "ಅಂಥ ಸೀಮೆ ನನಗೆ ಬೇಡವೇ ಬೇಡ" ಅಂದ. ತಲೆಯೆತ್ತಿ ನೋಡಿದರೆ ಮಾಳಿಂಗ ಆಗಲೇ ಗಂಟು ಕಟ್ಟಿ ಹೆಗಲಿಗೇರಿಸಿದ್ದ.

"ಅಷ್ಟು ಕೆಟ್ಟ ಊರಿಗೆ ಯಾಕೆ ಹೋಗುತ್ತೀಯೋ?"

ಮಾಳಿಂಗ ಬಾಗಿಲಲ್ಲೇ ತಿರುಗಿದ. "ಏನ್ಮಾಡ್ಲಿ ದೊರೀ? ಅದನ್ನ ಬೈಯಾಕ ನಮ್ಮವರೇ ಬೇಕು. ಬ್ಯಾರೆಯವರು ಬೈದ್ರ ನನಗ ತಡ್ಯಾಂಗಿಲ್ಲ."

ಅವನು ಅಲ್ಲಿ ತನ್ನೂರಲ್ಲಿ ಕಂಬಳಿ ಹೊದ್ದು ಬೆಚ್ಚಗಾದ, ನಾವು ಇಲ್ಲಿ ಕಥೆ ಹೊದ್ದು ಬೆಚ್ಚಗಾದೆವು.